ಜಪಾನಿ ಉಚ್ಚಾರಣೆ: ಕನ್ನಡದ ಕಿವಿಯಿಂದ ಕಲಿಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿಯವಳು. ಮೊದಲಿನಿಂದಲೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಈಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮಾಡುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಜಪಾನಿ ಭಾಷಾ ಪರೀಕ್ಷೆಯ ಆರಂಭಿಕ ಹಂತವಾದ ಎನ್5 ಅನ್ನು ಬರೆಯಬೇಕೆಂದಿದ್ದೇನೆ. ಇಂಗ್ಲಿಷ್ ಭಾಷಿಕರಿಗಾಗಿ ಮಾಡಿದ ವಿಡಿಯೊಗಳನ್ನು ನೋಡಿ ಅಭ್ಯಾಸ ಮಾಡಿದರೂ ರ, ತ್ಸು, ಫು ಧ್ವನಿಗಳೂ ಹ್ರಸ್ವ-ದೀರ್ಘಗಳೂ ಹಿಡಿತಕ್ಕೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಆ ವಿಡಿಯೊಗಳಲ್ಲಿ ತಪ್ಪಿಲ್ಲ, ಆದರೆ ಅವು ಬಿಡಿಸುವ ತೊಡಕುಗಳಲ್ಲಿ ಬಹುಪಾಲು ನಿಮ್ಮವಲ್ಲ. ಇಂಗ್ಲಿಷ್ ಭಾಷಿಕರು ರಕಾರ ನುಡಿಯುವಾಗ ನಾಲಗೆ ಎಲ್ಲಿಯೂ ತಾಗುವುದಿಲ್ಲವಾದ್ದರಿಂದ ಜಪಾನಿ ರಕಾರ ಅವರಿಗೆ ಹೊಸದು. ನೀವು ‘ಮರ’ ಎಂದು ಸಹಜವಾಗಿ ಹೇಳುವಾಗ ನಾಲಗೆಯ ತುದಿ ಹಲ್ಲಿನ ಹಿಂದೆ ಒಮ್ಮೆ ತಟ್ಟಿ ಹಿಂತಿರುಗುತ್ತದೆಯಲ್ಲ, ಅಷ್ಟೇ ಸಾಕು. ಪದದ ಮೊದಲಲ್ಲಿ ಮಾತ್ರ ಅದು ಕಂಪಿಸದಂತೆ ನೋಡಿಕೊಳ್ಳಿ. ಒತ್ತಕ್ಷರವೂ ಹಾಗೆಯೇ. ‘ಕತೆ’ ಮತ್ತು ‘ಕತ್ತೆ’ಗಳನ್ನು ಬೇರೆಯಾಗಿ ಕೇಳಿಸಿಕೊಳ್ಳುವ ಕಿವಿಗೆ ‘ಸಕ’ ಎಂದರೆ ಇಳಿಜಾರು, ‘ಸಕ್ಕ’ ಎಂದರೆ ಲೇಖಕ ಎಂಬ ವ್ಯತ್ಯಾಸ ಕಷ್ಟವಾಗಬಾರದು.

ನಿಮಗೆ ಅಡ್ಡಬರುತ್ತಿರುವುದು ರೋಮನ್ ಲಿಪಿ, ಅಂದರೆ ಜಪಾನಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೀತಿ, ಎಂದು ನನ್ನ ಅನಿಸಿಕೆ. ಅಮೆರಿಕದ ಮಿಷನರಿ ಜೇಮ್ಸ್ ಹೆಪ್‌ಬರ್ನ್ 1867ರಲ್ಲಿ ಪ್ರಕಟಿಸಿದ ನಿಘಂಟಿನಿಂದ ಬೆಳೆದುಬಂದ ಆ ಬರವಣಿಗೆಯಲ್ಲಿ ದೀರ್ಘದ ಗುರುತು ಹಲವೆಡೆ ಬಿಟ್ಟುಹೋಗುತ್ತದೆ. ಹಾಗಾಗಿಯೇ ನಮ್ಮ ಪತ್ರಿಕೆಗಳೂ ಇಂಗ್ಲಿಷಿನ ಮೂಲಕ ‘ಟೋಕಿಯೊ’, ‘ಟೊಯೊಟಾ’ ಎಂದು ಬರೆಯುತ್ತವೆ. ಜಪಾನಿ ತಕಾರದಲ್ಲಿ ನಮ್ಮ ಟಕಾರದಂತೆ ನಾಲಗೆ ಹಿಂದಕ್ಕೆ ಮಡಚುವುದಿಲ್ಲ. ‘ತೋಕ್ಯೋ’, ‘ತೊಯೊತ’ ಎಂಬುದೇ ಮೂಲಕ್ಕೆ ಹತ್ತಿರ. ಆದ್ದರಿಂದ ಇಂದೇ ಜಪಾನಿಯ ಸ್ವಂತ ಹಿರಾಗಾನಾ ಲಿಪಿಗೆ ಬನ್ನಿ, ಅನುಮಾನ ಬಂದಲ್ಲಿ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದುದು ಮಾತ್ರೆ. ಶಾಲೆಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದ್ದೀರಿ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಗಮಕ ಕೇಳಿದ್ದರೆ ಆ ಅಳತೆ ಕಿವಿಗೂ ಪರಿಚಿತ. ಜಪಾನಿ ಮಾತು ನಡೆಯುವುದು ಇದೇ ಲೆಕ್ಕದಲ್ಲಿ. ‘ತೋಕ್ಯೋ’ ನಾಲ್ಕು ಮಾತ್ರೆ, ‘ನಿಪ್ಪೊನ್’ ಕೂಡ ನಾಲ್ಕು. ‘ಒಬಸನ್’ ನಾಲ್ಕು ಮಾತ್ರೆಯಾದರೆ ಚಿಕ್ಕಮ್ಮ, ‘ಒಬಾಸನ್’ ಎಂದು ಐದಾದರೆ ಅಜ್ಜಿ. ಕೊನೆಯ ನಕಾರಕ್ಕೂ ಒಂದು ಪೂರ್ಣ ಮಾತ್ರೆ ಸಲ್ಲಬೇಕು. ಆ ನಕಾರ ನಮ್ಮ ಅನುಸ್ವಾರದಂತೆ ಮುಂದಿನ ವ್ಯಂಜನಕ್ಕೆ ಹೊಂದಿಕೊಳ್ಳುತ್ತದೆ: ಪತ್ರಿಕೆ ಎಂಬರ್ಥದ ‘ಶಿಂಬುನ್’ನಲ್ಲಿ ‘ಕಂಬ’ದ ಧ್ವನಿ, ಬ್ಯಾಂಕ್ ಎಂಬರ್ಥದ ‘ಗಿಂಕೋ’ದಲ್ಲಿ ‘ಅಂಕ’ದ ಧ್ವನಿ. ಸ್ವರ ಮುಂದೆ ಬಂದಾಗ ಮಾತ್ರ ಎಚ್ಚರ ಬೇಕು. ಧೂಮಪಾನ ನಿಷೇಧ ಎಂಬರ್ಥದ ‘ಕಿಂಎನ್’ನಲ್ಲಿ ನಾಲಗೆ ಮೇಲಕ್ಕೆ ತಾಗದೆ ಧ್ವನಿ ಮೂಗಿನಲ್ಲೇ ಉಳಿಯಬೇಕು, ಇಲ್ಲವಾದರೆ ಅದು ‘ಕಿನೆನ್’ ಆಗಿ ಸ್ಮರಣೆ ಎಂಬರ್ಥ ಕೊಡುತ್ತದೆ.

‘ತ್ಸು’ ಧ್ವನಿ ‘ಉತ್ಸುಕ’ದಲ್ಲಿಯೇ ಇದೆ. ಮೊದಲ ಉಕಾರವನ್ನು ಮನಸ್ಸಿನಲ್ಲಿ ಮಾತ್ರ ಹೇಳಿ, ಉಳಿದದ್ದನ್ನು ಬಾಯಿಂದ ಬಿಡಿ. ‘ಸುನಾಮಿ’ಯಲ್ಲಿ ಕಳೆದುಹೋದ ತಕಾರ ‘ತ್ಸುನಮಿ’ಯಲ್ಲಿ ಮರಳಿ ಸಿಗುತ್ತದೆ. ‘ಫು’ವಿಗೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬಾರದು; ಕೊಳವೆಯಿಲ್ಲದೆ ಒಲೆಯ ಕೆಂಡವನ್ನು ಮೆಲ್ಲಗೆ ಊದುವಂತೆ ಎರಡು ತುಟಿಗಳ ನಡುವಿನಿಂದ ಉಸಿರು ಹೊರಡಲಿ.

ಕನ್ನಡಿಗರಿಗೇ ವಿಶೇಷವಾದ ತೊಡಕೂ ಒಂದಿದೆ. ‘ಬಸ್’ ಅನ್ನು ‘ಬಸ್ಸು’ ಮಾಡುವ ನಾವು ‘ಆಗಿದೆ’ ಎಂಬರ್ಥದ ‘ದೆಸು’ವಿನ ಕೊನೆಯ ಉಕಾರವನ್ನು ಪೂರ್ತಿಯಾಗಿ ನುಡಿಯುತ್ತೇವೆ. ತೋಕ್ಯೋದ ಮಾತಿನಲ್ಲಿ ಅದು ಬಹುತೇಕ ‘ದೆಸ್’ ಎಂದೇ ಕೇಳಿಸುತ್ತದೆ. ಇಷ್ಟ ಎಂಬರ್ಥದ ‘ಸುಕಿ’ಯೂ ‘ಸ್ಕಿ’ಯಂತೆ, ಆದರೆ ಮಾತ್ರೆ ಉಳಿದುಕೊಂಡು.

ಸ್ವರದ ಏರಿಳಿತವನ್ನು ಈ ಹಂತದಲ್ಲಿ ಗಮನಿಸಿದರೆ ಸಾಕು: ‘ಅಮೆ’ ಎತ್ತರದಿಂದ ಇಳಿದರೆ ಮಳೆ, ತಗ್ಗಿನಿಂದ ಏರಿದರೆ ಮಿಠಾಯಿ. ನಿಮ್ಮ ಪರೀಕ್ಷೆಯಲ್ಲಿ ಮಾತನಾಡುವ ಭಾಗವಿಲ್ಲ, ಆಲಿಸುವ ಭಾಗವಿದೆ. ಆದ್ದರಿಂದ ಮೇಲಿನ ಜೋಡಿಪದಗಳನ್ನು ಜಪಾನಿಯರ ಧ್ವನಿಯಲ್ಲಿ ಕೇಳಿ, ನೋಡದೆ ಹಿರಾಗಾನಾದಲ್ಲಿ ಬರೆದು, ಆಮೇಲೆ ಸರಿನೋಡಿಕೊಳ್ಳುವ ಅಭ್ಯಾಸವನ್ನು ಮೊದಲು ಆರಂಭಿಸಿ.