ಕ್ಯಾರವಾನ್ ಬಾಡಿಗೆಗೆ ಹಿಡಿಯುವ ಮುನ್ನ

ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ಕ್ಯಾರವಾನ್ ಬಾಡಿಗೆಗೆ ಪಡೆದು ಕುಟುಂಬ ಸಮೇತ ಪ್ರವಾಸ ಹೋಗುವ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಮಕ್ಕಳು, ಅತ್ತೆ-ಮಾವ ಸೇರಿ ನಾವು ಆರು ಜನ. ದಸರಾ ರಜೆಯಲ್ಲಿ ನಾಲ್ಕು ದಿನ ಗೋಕರ್ಣದವರೆಗೆ ಹೋಗಿಬರುವ ಆಸೆ. ಬೆಂಗಳೂರಿನ ಒಬ್ಬರು ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕದಲ್ಲಿ, ಡ್ರೈವರ್ ಸಮೇತ ಆರು ಸೀಟಿನ ಕ್ಯಾರವಾನ್ ಕೊಡುತ್ತೇವೆ ಎಂದಿದ್ದಾರೆ. ಒಪ್ಪಬಹುದೇ?
— ಬಿಜೈ, ಮಂಗಳೂರು

ಮೊದಲು ವಾಹನ ಎಲ್ಲಿಂದ ಹೊರಡುತ್ತದೆ ಎಂದು ಕೇಳಿ. ಬಾಡಿಗೆಯ ಕಿಲೋಮೀಟರನ್ನು ಹೆಚ್ಚಿನವರು ಲೆಕ್ಕ ಹಾಕುವುದು ಗ್ಯಾರೇಜಿನಿಂದ ಗ್ಯಾರೇಜಿಗೆ. ಮಂಗಳೂರಿನಿಂದ ಗೋಕರ್ಣ ಸುಮಾರು 240 ಕಿ.ಮೀ. ಹೋಗಿಬರುವುದು, ನಡುವೆ ಅಲ್ಲಿ ಇಲ್ಲಿ ಸುತ್ತಾಟ ಎಲ್ಲ ಸೇರಿದರೂ 600 ದಾಟುವುದಿಲ್ಲ. ಆದರೆ ಬೆಂಗಳೂರಿನಿಂದ ಖಾಲಿ ಬಂದು ಖಾಲಿ ಹೋಗುವ 700 ಕಿ.ಮೀ. ನಿಮ್ಮ ತಲೆಗೇ ಬರುತ್ತದೆ, ಜೊತೆಗೆ ಎರಡು ದಿನದ ಬಾಡಿಗೆ. ಅಲ್ಲಿಗೆ ನಾಲ್ಕು ದಿನದ ಪ್ರವಾಸಕ್ಕೆ ಆರು ದಿನದ, ಅಂದರೆ 1,500 ಕಿ.ಮೀ. ಬಿಲ್ ಆಯಿತು. ಮಂಗಳೂರು, ಉಡುಪಿಯಲ್ಲೇ ಇರುವ ವಾಹನ ಸಿಗುತ್ತದೆಯೇ ವಿಚಾರಿಸಿ. ಸಿಗದಿದ್ದರೆ ತರಿಸುವ, ಕಳಿಸುವ ಖರ್ಚನ್ನು ಒಂದೇ ಮೊತ್ತವಾಗಿ ಮಾತಾಡಿ ಮುಗಿಸಿ.

ದಿನ ಎಂದರೆ ಯಾವ ದಿನ ಎಂಬುದನ್ನೂ ಬರೆಸಿಕೊಳ್ಳಿ. ಬಾಡಿಗೆಯವರ ದಿನ ಸಾಮಾನ್ಯವಾಗಿ ರಾತ್ರಿ 12ರಿಂದ ಮರುರಾತ್ರಿ 12ರವರೆಗೆ. ರಾತ್ರಿ ಊಟ ಮುಗಿಸಿ 9ಕ್ಕೆ ಹೊರಟರೆ ಆ ಮೂರು ಗಂಟೆಗೂ ಒಂದು ದಿನದ ಬಾಡಿಗೆ, ಡ್ರೈವರ್‌ಗೆ ಒಂದು ದಿನದ ಬಾಟಾ (ಭತ್ಯೆ). ಬೆಳಗ್ಗೆ 5ಕ್ಕೆ ಹೊರಡುವುದೇ ಮೇಲು. ಹೆಜಮಾಡಿ, ಸಾಸ್ತಾನ, ಶಿರೂರು ಹೀಗೆ ದಾರಿಯುದ್ದಕ್ಕೂ ಇರುವ ಟೋಲ್ ಯಾರ ಲೆಕ್ಕಕ್ಕೆ ಎಂಬುದೂ ಅದೇ ಕಾಗದದಲ್ಲಿ ಇರಲಿ.

ಇನ್ನು ಆರು ಸೀಟಿನ ವಿಷಯ. ಎಷ್ಟು ಜನ ಕೂರಬಹುದು, ಎಷ್ಟು ಜನ ಮಲಗಬಹುದು ಎಂದು ಬೇರೆ ಬೇರೆಯಾಗಿ ಕೇಳಬೇಕು. ಟೆಂಪೋ ಟ್ರಾವೆಲರ್ ಅಳತೆಯ ವಾಹನದಲ್ಲಿ ಆರೇಳು ಸೀಟು ಇದ್ದರೂ ಕಾಲು ಚಾಚಿ ಮಲಗಲು ಜಾಗ ಸಾಮಾನ್ಯವಾಗಿ ನಾಲ್ವರಿಗೆ. ಮೇಲಿನ ಬರ್ತ್‌ಗೆ ಹಿರಿಯರು ಹತ್ತಲಾರರು. ಡ್ರೈವರ್ ಎಲ್ಲಿ ಮಲಗುತ್ತಾರೆ? ಮುಂದಿನ ಸೀಟಿನಲ್ಲಿ ಮುದುಡಿಕೊಂಡು ರಾತ್ರಿ ಕಳೆದವರ ಕೈಗೆ ಮರುದಿನ ನಿಮ್ಮ ಮನೆಯವರನ್ನೆಲ್ಲ ಒಪ್ಪಿಸುವುದು ಸರಿಯಲ್ಲ. ಅವರಿಗೊಂದು ಕೋಣೆ, ಆರೇಳು ಗಂಟೆ ನಿದ್ದೆ ಖರ್ಚಿನಲ್ಲಿ ಸೇರಿರಬೇಕು. ನಿಮ್ಮ ಆರು ಮಂದಿಗಾದರೆ ನಾಲ್ವರು ವಾಹನದಲ್ಲಿ, ಅತ್ತೆ-ಮಾವ ಹೋಂಸ್ಟೇ ಕೋಣೆಯಲ್ಲಿ ಎಂಬ ಲೆಕ್ಕವೇ ಸುಖ. ಓಡುವಾಗ ಯಾರೂ ಹಾಸಿಗೆಯಲ್ಲಿ ಮಲಗಬಾರದು. ಬೆಲ್ಟ್ ಇರುವ ಸೀಟಿನಲ್ಲೇ ಕೂರಬೇಕು. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮಲಗಿದ್ದ ಮಗು ನೇರ ಅಡುಗೆ ಕಟ್ಟೆಗೆ ಬಡಿಯುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ತಮ್ಮ ಟಿಟಿಗೆ (ಟೆಂಪೋ ಟ್ರಾವೆಲರ್) ಹಾಸಿಗೆ, ಸಿಂಕ್ ಎಲ್ಲ ಕೂರಿಸಿದ್ದಾರೆ. ಬಿಳಿ ಬೋರ್ಡ್ ಗಾಡಿ. ಅರ್ಧ ಬಾಡಿಗೆಗೆ ಕೊಡುತ್ತಾರಂತೆ. ನಾನೇ ಓಡಿಸುತ್ತೇನೆ, ಕಾರಿನ ಲೈಸೆನ್ಸ್ ಇದೆ.
— ಕಾಪು

ಬೇಡ. ಬಿಳಿ ಬೋರ್ಡ್ ಸ್ವಂತ ಬಳಕೆಗೆ. ಹಣ ಪಡೆದು ಕೊಟ್ಟ ಗಾಡಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಹಿಡಿಯುವುದೇ ಆ ಎಳೆ. ಒಳಗಿನ ಮಾರ್ಪಾಡನ್ನು ಆರ್‌ಟಿಒದಲ್ಲಿ ಆರ್‌ಸಿಗೆ (ನೋಂದಣಿ ಪತ್ರ) ಸೇರಿಸದಿದ್ದರೆ ಅದು ಇನ್ನೊಂದು ತಕರಾರು. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ: ವಾಹನದ ವರ್ಗ ಏನೆಂದು ಇದೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮತ್ತು ವಿಮೆ ಯಾವ ದಿನದವರೆಗೆ ಇದೆ, ಎಲ್ಲ ಕಾಣುತ್ತದೆ. ಡ್ರೈವರ್ ಸಮೇತ ಬಾಡಿಗೆಗೆ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ; ನೀವೇ ಓಡಿಸುವುದಕ್ಕೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ. ಕಾಸರಗೋಡಿಗೋ ಗೋವಾಕ್ಕೋ ದಾಟುವುದಿದ್ದರೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯೇ ಎಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ.

ಲೈಸೆನ್ಸ್ ತೊಂದರೆಯಲ್ಲ. ವಾಹನದ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎಲ್‌ಎಂವಿ (ಲಘು ವಾಹನ, ಅಂದರೆ ಕಾರಿನ) ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆ ತೂಕ ಆರ್‌ಸಿಯಲ್ಲೇ ಇರುತ್ತದೆ.

ಪ್ರಶ್ನೆ: ಏಪ್ರಿಲ್ ಸೆಕೆಯಲ್ಲಿ ಸಮುದ್ರ ಬದಿ ಎಸಿ ಇಲ್ಲದೆ ಮಲಗಲಾಗದು. ಬ್ಯಾಟರಿಯಲ್ಲಿ ರಾತ್ರಿಯಿಡೀ ಎಸಿ ಓಡುತ್ತದೆ ಎನ್ನುತ್ತಾರೆ, ನಿಜವೇ?
— ಮಣಿಪಾಲ

ಲೆಕ್ಕ ಹಾಕಿ ನೋಡಿ. 12 ವೋಲ್ಟ್, 200 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2,400 ವ್ಯಾಟ್-ಅವರ್. ಮನೆಯ ಇನ್ವರ್ಟರಿನಂಥ ಲೆಡ್-ಆ್ಯಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ತೆಗೆದರೆ ಬ್ಯಾಟರಿ ಬೇಗ ಸಾಯುತ್ತದೆ. ಕೈಗೆ ಸಿಗುವುದು 1,200. ಲಿಥಿಯಂ ಆದರೆ ಸುಮಾರು 1,900. ಒಂದು ಟನ್ ಎಸಿ ಕಂಪ್ರೆಸರ್ ಓಡುವಾಗ ಗಂಟೆಗೆ 1,000ದಿಂದ 1,200 ತಿನ್ನುತ್ತದೆ. ಅಂದರೆ ಒಂದರಿಂದ ಒಂದೂವರೆ ಗಂಟೆ, ಕಂಪ್ರೆಸರ್ ಆಗಾಗ ನಿಂತು ಓಡಿದರೆ ಇನ್ನೂ ಸ್ವಲ್ಪ. ಬೆಳಗಿನವರೆಗೆ ಸಾಧ್ಯವಿಲ್ಲ. ಇಂಡಕ್ಷನ್ ಒಲೆಯ ಗತಿಯೂ ಅಷ್ಟೇ: 2,000 ವ್ಯಾಟ್ ಎಂದರೆ 12 ವೋಲ್ಟ್ ಬ್ಯಾಟರಿಯಿಂದ 160ಕ್ಕೂ ಹೆಚ್ಚು ಆ್ಯಂಪಿಯರ್ ಎಳೆತ, ಇನ್ವರ್ಟರ್ ಟ್ರಿಪ್ ಆಗುತ್ತದೆ.

ಅದೇ ಬ್ಯಾಟರಿಯಲ್ಲಿ 25 ವ್ಯಾಟಿನ ಮೂರು ಫ್ಯಾನ್ ಎಂಟು ಗಂಟೆ ಓಡಿದರೆ 600, ದೀಪ ಮತ್ತು ಮೊಬೈಲಿಗೆ 150ರಿಂದ 200, ಚಿಕ್ಕ ಫ್ರಿಜ್ಜಿಗೆ ದಿನಕ್ಕೆ 500ರ ಆಸುಪಾಸು. ಸೆಕೆಗೆ ಫ್ರಿಜ್ ಇನ್ನೂ ಹೆಚ್ಚು ಓಡುತ್ತದೆ. ಬಿಸಿ ಮೀನುಸಾರಿನ ಪಾತ್ರೆಯನ್ನೇ ಒಳಗಿಟ್ಟರಂತೂ ಬೆಳಗಾಗುವ ಮೊದಲೇ ಬ್ಯಾಟರಿ ಖಾಲಿ.

ಎಸಿ ಬೇಕೇ ಬೇಕಾದರೆ ರಾತ್ರಿ 16 ಆ್ಯಂಪಿಯರ್ ಪ್ಲಗ್ ಸಿಗುವ ಜಾಗದಲ್ಲೇ ನಿಲ್ಲಬೇಕು. 2.5 ಚದರ ಮಿ.ಮೀ. ತಾಮ್ರದ ಎಕ್ಸ್‌ಟೆನ್ಷನ್ ವಯರ್, 15-20 ಮೀಟರ್, ಜೊತೆಗಿರಲಿ. ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿಟ್ಟ ವಯರ್ ಎಸಿ ಲೋಡಿಗೆ ಬಿಸಿಯಾಗಿ ಕರಗುತ್ತದೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರುತ್ತದೆ ಎಂದು ನಂಬುವ ಹಾಗಿಲ್ಲ. ಅರ್ಥ್ ಇಲ್ಲದ ಪ್ಲಗ್ಗಿಗೆ ಜೋಡಿಸಿದಾಗ ಒಳಗೆಲ್ಲೋ ಲೀಕೇಜ್ ಆದರೆ ಇಡೀ ಗಾಡಿಯ ತಗಡಿಗೆ ಕರೆಂಟ್ ಬರುತ್ತದೆ. ಮಳೆ ಬಿದ್ದ ಅಂಗಳದಲ್ಲಿ ಬರಿಗಾಲಲ್ಲಿ ಬಾಗಿಲ ಹಿಡಿ ಹಿಡಿದವರಿಗೆ ಅದು ಜೀವದ ಪ್ರಶ್ನೆ. ಪ್ಲಗ್ಗಿಗೆ ಚುಚ್ಚಿದರೆ ಮೂರು ದೀಪ ಉರಿದು ಅರ್ಥ್ ಇದೆಯೋ ಇಲ್ಲವೋ ಹೇಳುವ ಸಾಕೆಟ್ ಟೆಸ್ಟರ್ ಕೆಲವೇ ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಒಯ್ಯಿರಿ. ವಾಹನದಲ್ಲಿ 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರಲೇಬೇಕು. ವಾಹನ ವಹಿಸಿಕೊಳ್ಳುವಾಗ ಅದರ ಟೆಸ್ಟ್ ಗುಂಡಿ ಒತ್ತಿಸಿ ನೋಡಿ. ಥಟ್ಟನೆ ಬೀಳದಿದ್ದರೆ ಆ ಗಾಡಿಗೆ ಹೊರಗಿನ ಕರೆಂಟ್ ಕೊಡಬೇಡಿ.

ಪ್ರಶ್ನೆ: ನಮಗೆ ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ಗಂಜಿ ಆಗಲೇಬೇಕು. ಮನೆಯ ಸಿಲಿಂಡರನ್ನೇ ಒಯ್ಯಬಹುದೇ?
— ಕುಂದಾಪುರ

14.2 ಕೆ.ಜಿ.ಯ ಮನೆ ಸಿಲಿಂಡರ್ ಮನೆ ಬಳಕೆಗೆ ಮಾತ್ರ, ವಾಹನಕ್ಕೆ ಹತ್ತಿಸಬೇಡಿ. 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಮೂರ್ನಾಲ್ಕು ದಿನಕ್ಕೆ ಧಾರಾಳ. ಅದು ನೆಟ್ಟಗೆ ನಿಂತು, ಬೆಲ್ಟಿನಿಂದ ಬಿಗಿದು, ಬೇರೆಯೇ ಪೆಟ್ಟಿಗೆಯಲ್ಲಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಆ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆದ ತೂತು ಇದೆಯೇ ಎಂದು ಬಗ್ಗಿ ನೋಡಿ. ಚಾಪೆಯೋ ಚಪ್ಪಲಿಯೋ ಅಡ್ಡ ಬಂದು ಮುಚ್ಚಿಹೋಗಿರುವುದು ಮಾಮೂಲು. ವಾಹನ ಓಡುವಾಗ ರೆಗ್ಯುಲೇಟರ್ ಆಫ್. ಒಲೆ ಹಚ್ಚಿದಾಗ ಕಿಟಕಿಯೂ ಮೇಲಿನ ಗಾಳಿಕಿಂಡಿಯೂ ತೆರೆದಿರಬೇಕು. ಹೊರಗೆ ಮಳೆ ಎಂದು ಎಲ್ಲ ಮುಚ್ಚಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ; ತಲೆಭಾರ, ತೂಕಡಿಕೆ ಬಂದು ಹಾಗೇ ಪ್ರಜ್ಞೆ ತಪ್ಪುತ್ತದೆ.

ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆ ಒಲೆ ಉರಿಸುವ ಬದಲು ನಮ್ಮಲ್ಲಿ ಅನೇಕ ಮನೆಗಳಲ್ಲಿರುವ ಥರ್ಮಲ್ ಕುಕ್ಕರನ್ನೇ ಒಯ್ಯಿರಿ. ಹತ್ತು-ಹದಿನೈದು ನಿಮಿಷ ಕೊತಕೊತ ಕುದಿಸಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ಅನ್ನ ತಾನೇ ಬೇಯುತ್ತದೆ. ನಿಲ್ಲಿಸಿದಾಗ ಕುದಿಸಿ, ನೀರು ಹೊರಚೆಲ್ಲದ ಹಾಗೆ ಮುಚ್ಚಳ ಕಟ್ಟಿ, ಓಡುವಾಗ ಅದನ್ನು ನೆಲದಲ್ಲೇ ಇಡಿ. ಮೀನು ಹುರಿಯುವುದಿದ್ದರೆ ಹೊರಗೆ. ಹಾಸಿಗೆ ಪರದೆಗೆ ಹಿಡಿದ ಎಣ್ಣೆ ವಾಸನೆ ಪ್ರವಾಸ ಮುಗಿಯುವವರೆಗೂ ಹೋಗದು, ಶುಚಿ ಮಾಡಿದ ಖರ್ಚನ್ನು ಡಿಪಾಸಿಟ್‌ನಿಂದ ಹಿಡಿಯುವವರೂ ಇದ್ದಾರೆ.

ಪ್ರಶ್ನೆ: ರಾತ್ರಿ ಬೀಚ್ ಬದಿ ನಿಲ್ಲಿಸಬಹುದೇ? ಟಾಯ್ಲೆಟ್ ತುಂಬಿದರೆ ಏನು ಮಾಡುವುದು?
— ಸುರತ್ಕಲ್

ಈ ಎರಡಕ್ಕೂ ಉತ್ತರ ಸಿಕ್ಕಿದ ಮೇಲೆಯೇ ವಾಹನ ಬುಕ್ ಮಾಡಬೇಕು. ಜನ ಮಾಡುವುದು ತಿರುಗಾಮುರುಗಾ: ಮೊದಲು ಅಡ್ವಾನ್ಸ್ ಕೊಟ್ಟು, ಆಮೇಲೆ ಕತ್ತಲಾದ ಹೊತ್ತಿಗೆ ಜಾಗ ಹುಡುಕುತ್ತಾರೆ. ಮಲ್ಪೆ, ಪಡುಬಿದ್ರಿ, ಕಾಪು ಹಗಲು ನೋಡುವ ಜಾಗಗಳು. ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಠಿಕಾಣಿ ಹೂಡುವುದಲ್ಲ. ಗಾಡಿಯನ್ನು ಮರಳಿಗಂತೂ ಇಳಿಸಲೇಬೇಡಿ. ನೀರು, ಸಾಮಾನು ಸೇರಿ ಮೂರ್ನಾಲ್ಕು ಟನ್ ತೂಗುವ ಗಾಡಿಯ ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲೆ ಕೂತಿರುತ್ತದೆ, ಚಕ್ರ ಒಮ್ಮೆ ನಿಂತಲ್ಲೇ ತಿರುಗಿದರೆ ಆ್ಯಕ್ಸಲ್‌ವರೆಗೆ ಹೂತುಹೋಗುತ್ತದೆ.

ನಮ್ಮ ಸಲಹೆ: ಅಂಗಳವಿರುವ ಹೋಂಸ್ಟೇ. ಒಂದು ಕೋಣೆಯ ಬಾಡಿಗೆಗೆ ಪ್ಲಗ್, ಬಚ್ಚಲು, ಬಾವಿ ನೀರು, ಗೇಟು ಎಲ್ಲವೂ ಸಿಗುತ್ತದೆ. ಮೊದಲೇ ಫೋನ್ ಮಾಡಿ ಗೇಟಿನ ಅಗಲ ಕೇಳಿ. ಗಾಡಿ ಎತ್ತರ ಎಸಿ ಸಮೇತ ಮೂರು ಮೀಟರ್ ಹತ್ತಿರ ಬರುತ್ತದೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರ್ ಎಷ್ಟು ಎತ್ತರದಲ್ಲಿದೆ ಎಂದೂ ಕೇಳಿ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ಒಂದು ಒಣಗಿದ ಮಡಲು ಬಿದ್ದರೂ ಮೇಲಿನ ಗಾಳಿಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಒಡೆಯುತ್ತದೆ, ಕಾಯಿ ಬಿದ್ದರೆ ಸೋಲಾರ್ ಪ್ಯಾನೆಲ್ ಪುಡಿ. ನೆಲ ಓರೆಯಿದ್ದರೆ ತಗ್ಗಿನ ಚಕ್ರದಡಿ ಮರದ ಹಲಗೆ ಕೊಡಿ, ಮುರಕಲ್ಲು (ಜಂಬಿಟ್ಟಿಗೆ) ಬೇಡ, ಅದು ಭಾರಕ್ಕೆ ಒಡೆದು ಜಾರುತ್ತದೆ.

ನೀರು ಒಬ್ಬರಿಗೆ ದಿನಕ್ಕೆ 20 ಲೀಟರ್ ಎಂದಿಟ್ಟುಕೊಳ್ಳಿ. 100 ಲೀಟರ್ ಟ್ಯಾಂಕ್ ಐದು ಜನರಿಗೆ ಒಂದು ದಿನ. ಕ್ಯಾಸೆಟ್ ಟಾಯ್ಲೆಟ್‌ನ (ಕೆಳಗಿನ ಡಬ್ಬವನ್ನು ಹೊರಗೆಳೆದು ಖಾಲಿ ಮಾಡುವಂಥದ್ದು) ಡಬ್ಬ ಹೆಚ್ಚೆಂದರೆ 20 ಲೀಟರಿನದು, ನಾಲ್ವರು ಪೂರ್ತಿ ಬಳಸಿದರೆ ಎರಡು ದಿನಕ್ಕೆ ಭರ್ತಿ. ಅದನ್ನು ರಾತ್ರಿಯ ತುರ್ತಿಗೆ, ಮಕ್ಕಳಿಗೆ, ಹಿರಿಯರಿಗೆ ಮಾತ್ರ ಇಟ್ಟುಕೊಳ್ಳಿ. ಖಾಲಿ ಮಾಡುವುದು ಟಾಯ್ಲೆಟ್ ಕಮೋಡಿಗೆ ಮಾತ್ರ, ಮನೆಯವರನ್ನು ಕೇಳಿ, ನಿಧಾನವಾಗಿ ಸುರಿದು, ಎರಡು ಬಕೆಟ್ ನೀರು ಹೊಯ್ಯಿರಿ. ಒಳಗೆ ಹಾಕಿದ ರಾಸಾಯನಿಕದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಮನೆಯ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತದೆ, ಜೈವಿಕ ದ್ರಾವಣವನ್ನೇ ಕೇಳಿ ಪಡೆಯಿರಿ. ಚರಂಡಿಗೆ, ತೋಡಿಗೆ, ಗುಂಡಿಗೆ ಸುರಿಯುವುದು ದೊಡ್ಡ ಅನ್ಯಾಯ. ನಮ್ಮ ಮುರಕಲ್ಲಿನ ನೆಲ ತೂತು ತೂತು, ಇಲ್ಲಿ ಸುರಿದದ್ದು ಬೇಗನೆ ಪಕ್ಕದ ಮನೆಯ ಬಾವಿ ಸೇರುತ್ತದೆ.

ಪ್ರಶ್ನೆ: ಚಿಕ್ಕಮಗಳೂರು ಕಡೆಗೆ ಯಾವ ಘಾಟಿ ಒಳ್ಳೆಯದು? ಆಗುಂಬೆ ಆಗಬಹುದೇ?
— ಕಾರ್ಕಳ

ಆಗುಂಬೆಯಲ್ಲಿ 14 ಹಿಮ್ಮುರಿ ತಿರುವು. ಉದ್ದ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಗಾಡಿ ಎದುರಿನ ಲೇನಿಗೆ ಹೋಗದೆ ತಿರುಗದು, ಹೊಸಬರಿಗೆ ಬೇಡ. ಚಾರ್ಮಾಡಿ ಅಗಲ ಕಡಿಮೆ, 2019ರ ಆಗಸ್ಟ್ ಮಳೆಗೆ ಕುಸಿದು ಸಂಚಾರವೇ ನಿಂತಿತ್ತು. ಮಳೆಗಾಲದಲ್ಲಿ ಯಾವ ಘಾಟಿಗೂ ಜಿಲ್ಲಾಧಿಕಾರಿಗಳ ಆದೇಶ ನೋಡದೆ ಹೊರಡಬೇಡಿ. ನಿಮಗೆ ಹತ್ತಿರದ್ದು ಮಾಳ, ಕುದುರೆಮುಖದ ದಾರಿ. ಆದರೆ ಅದು ರಾಷ್ಟ್ರೀಯ ಉದ್ಯಾನ, ನಡುವೆ ನಿಲ್ಲಿಸಿ ಅಡುಗೆ ಮಾಡುವುದು, ಮಲಗುವುದು ಸಲ್ಲದು. ತಿರುವು ಕಡಿಮೆ ಬೇಕೆಂದರೆ ಸುತ್ತಾದರೂ ಶಿರಾಡಿ. ಅಲ್ಲಿ ಲಾರಿಗಳ ಸಾಲು ತಾಳ್ಮೆ ಬೇಡುತ್ತದೆ, ಅಷ್ಟೆ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಎರಡು ಅಥವಾ ಮೂರು. ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಇಳಿದರೆ ಪ್ಯಾಡ್ ಕಾದು ಹಿಡಿತ ಹೋಗುತ್ತದೆ, ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದ ತಕ್ಷಣ ಅಗಲ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿಗೆ ನೀರು ಹಾಕಿದರೆ ಅದು ಸೊಟ್ಟಗಾಗುತ್ತದೆ. ಘಾಟಿಗೆ ಮುನ್ನ ನೀರಿನ ಟ್ಯಾಂಕ್ ಅರ್ಧ ಮಾಡಿಕೊಳ್ಳಿ: 100 ಲೀಟರ್ ಎಂದರೆ 100 ಕೆ.ಜಿ.

ಪ್ರಶ್ನೆ: ವಾಹನ ವಹಿಸಿಕೊಳ್ಳುವಾಗ ಏನೇನು ನೋಡಬೇಕು?
— ಬಂಟ್ವಾಳ

ಹಗಲು ಹೊತ್ತಿನಲ್ಲಿ, ಒಂದು ಗಂಟೆ ಬಿಡುವು ಇಟ್ಟುಕೊಂಡು ಹೋಗಿ. ಹೊರಗೂ ಒಳಗೂ ಮಾಲೀಕರ ಎದುರೇ ವಿಡಿಯೋ ಮಾಡಿ, ಓಡೋಮೀಟರ್ ಮತ್ತು ಡೀಸೆಲ್ ಮುಳ್ಳು ಸೇರಿಸಿ. ಟೈರಿನ ಬದಿಯಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದರೆ 2021ರ 23ನೇ ವಾರ. ಕ್ಯಾರವಾನ್‌ಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟೈರಿನ ಮೇಲಿನ ಗುಂಡಿಗಳು ಸವೆಯದಿದ್ದರೂ ರಬ್ಬರ್ ಬಿರಿದಿರುತ್ತದೆ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಪಂಪ್, ಫ್ರಿಜ್, ಫ್ಯಾನ್ ಎಲ್ಲ ಒಮ್ಮೆಗೇ ಹತ್ತು ನಿಮಿಷ ಓಡಿಸಿ. ಬಾಗಿಲು ಮುಚ್ಚಿ ಮೂಸಿ ನೋಡಿ, ಬೂಷ್ಟು ವಾಸನೆ ಬಂದರೆ ಚಾವಣಿ ಎಲ್ಲೋ ಸೋರುತ್ತಿದೆ. ಎಸಿ ಕೂರಿಸಿದ ಚೌಕಟ್ಟಿನ ಸುತ್ತ, ಕಿಟಕಿಯ ಕೆಳಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗಾಡಿ ಬೇಡ.