ಹೆಸರು ಬರುವ ಮುಂಚಿನ ಬೀಟಲ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೀಟಲ್ಸ್ ತಂಡದ ಅತಿ ಹಳೆಯ ಧ್ವನಿಮುದ್ರಣ ಯಾವುದು? ಈಗ ಕೇಳಲು ಸಿಗುತ್ತದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಬ್ರಿಟಿಷ್ ರಾಕ್ ತಂಡದ ಜಾನ್ ಲೆನನ್ ಒಬ್ಬನ ದನಿ ಸಾಕೆಂದರೆ 1957ರ ಜುಲೈ 6ರ ಟೇಪು. ಲಿವರ್‌ಪೂಲ್‌ನ ವೂಲ್ಟನ್ ಚರ್ಚಿನ ಜಾತ್ರೆಯಲ್ಲಿ ಅವನ ಕ್ವಾರಿಮೆನ್ ತಂಡ (ಮುಂದೆ ಬೀಟಲ್ಸ್ ಆದದ್ದು ಇದೇ) ಹಾಡಿದ್ದನ್ನು ಕೇಳುಗರೊಬ್ಬರು ಗ್ರುಂಡಿಗ್ ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದರು. ಮೆಕಾರ್ಟ್ನಿ ಲೆನನ್‌ಗೆ ಪರಿಚಯವಾದದ್ದೇ ಅಂದು, ಹಾಗಾಗಿ ಅವನು ಅದರಲ್ಲಿಲ್ಲ. 1994ರ ಹರಾಜಿನಲ್ಲಿ ಇಎಂಐ ರೆಕಾರ್ಡ್ ಕಂಪನಿ ಇದನ್ನು ಕೊಂಡಿತು.

ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಇರುವುದು 1958ರ ಜುಲೈ ತಿಂಗಳ ತಟ್ಟೆಯಲ್ಲಿ. ಲಿವರ್‌ಪೂಲ್‌ನ ಕೆನ್ಸಿಂಗ್ಟನ್ ರಸ್ತೆಯಲ್ಲಿ ಪರ್ಸಿ ಫಿಲಿಪ್ಸ್ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ಸ್ಟುಡಿಯೊದಲ್ಲಿ ತಯಾರಾದದ್ದು. ಪಿಯಾನೊ ಜಾನ್ ಲೋ, ಡ್ರಮ್ಸ್ ಕಾಲಿನ್ ಹ್ಯಾಂಟನ್. ಒಂದು ಮಗ್ಗುಲಲ್ಲಿ ಬಡಿ ಹಾಲಿಯ ‘ದಟ್ಲ್ ಬಿ ದ ಡೇ’, ಇನ್ನೊಂದರಲ್ಲಿ ಸ್ವಂತ ಹಾಡು ‘ಇನ್ ಸ್ಪೈಟ್ ಆಫ್ ಆಲ್ ದ ಡೇಂಜರ್’. ಇದ್ದದ್ದು ಒಂದೇ ಪ್ರತಿ. ವರ್ಷಗಟ್ಟಲೆ ಲೋ ಬಳಿ ಇದ್ದ ಅದನ್ನು 1981ರಲ್ಲಿ ಮೆಕಾರ್ಟ್ನಿ ಕೊಂಡು, ಆಪ್ತರಿಗೆಂದು ಸುಮಾರು 50 ಪ್ರತಿ ಮಾಡಿಸಿದ.

1995ರ ‘ಆಂಥಾಲಜಿ 1’ರಲ್ಲಿ, ಅಂದರೆ ತಂಡದ ಹಳೆಯ ಮುದ್ರಣಗಳ ಸಂಗ್ರಹದಲ್ಲಿ, ಎರಡೂ ಹಾಡುಗಳಿವೆ, ಎರಡನೆಯದನ್ನು ಮಾತ್ರ ಸುಮಾರು 40 ಸೆಕೆಂಡು ಮೊಟಕು ಮಾಡಿದ್ದಾರೆ. ಕರಕರ ಸದ್ದು ಕೇಳಿದರೆ ನಿಮ್ಮ ಸ್ಪೀಕರನ್ನು ದೂರಬೇಡಿ. ಇಂಥ ಅಸಿಟೇಟ್ ತಟ್ಟೆಯ ಮೇಲಿನ ಲೇಪ ಮೆತ್ತಗಿರುತ್ತದೆ, ಮುಳ್ಳು ಓಡಿದಷ್ಟು ಸಲವೂ ಗೆರೆ ಸವೆಯುತ್ತದೆ. ಈ ತಟ್ಟೆ ಗೆಳೆಯರ ಕೈಯಿಂದ ಕೈಗೆ ಸುತ್ತಿ ಬಂದದ್ದು.

ಪ್ರಶ್ನೆ: ಡೆಕ್ಕಾ ಮತ್ತು ಸ್ಟಾರ್ ಕ್ಲಬ್ ಟೇಪುಗಳ ಹಾಡುಗಳು ಒಂದೊಂದು ಪ್ರತಿಯಲ್ಲಿ ಒಂದೊಂದು ವೇಗದಲ್ಲಿವೆ. ಸರಿಯಾದ ವೇಗ ಕಂಡುಹಿಡಿಯುವುದು ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಎರಡನ್ನೂ ಬೇರೆ ಮಾಡಿಕೊಳ್ಳಿ. ಡೆಕ್ಕಾದ್ದು ಆ ಹೆಸರಿನ ರೆಕಾರ್ಡ್ ಕಂಪನಿಗಾಗಿ 1962ರ ಜನವರಿ 1ರಂದು ಲಂಡನ್ನಿನ ಸ್ಟುಡಿಯೊದಲ್ಲಿ ನಡೆದ ಪರೀಕ್ಷೆ: 15 ಹಾಡು, ಡ್ರಮ್ಸ್‌ಗೆ ಪೀಟ್ ಬೆಸ್ಟ್. ಐದು ಹಾಡು ‘ಆಂಥಾಲಜಿ 1’ರಲ್ಲಿವೆ, ಹೋಲಿಸಿ ನೋಡಲು ಅವೇ ಆಧಾರ. ಸ್ಟಾರ್ ಕ್ಲಬ್‌ನದು 1962ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆ ಕ್ಲಬ್ಬಿನ ಕಾರ್ಯಕ್ರಮವನ್ನು ಏಡ್ರಿಯನ್ ಬಾರ್ಬರ್ ಎಂಬವರು ಮನೆಬಳಕೆಯ ಟೇಪ್ ರೆಕಾರ್ಡರಿಗೆ ಒಂದೇ ಮೈಕು ಹಾಕಿ ಹಿಡಿದದ್ದು. ಟೇಪು ಓಡಿದ್ದು ಸೆಕೆಂಡಿಗೆ ಮೂರೂಮುಕ್ಕಾಲು ಇಂಚು. ಆ ವೇಗದಲ್ಲಿ ತಾರಸ್ಥಾಯಿಯ ಸದ್ದು ಸರಿಯಾಗಿ ಉಳಿಯುವುದಿಲ್ಲ, ಯಾವ ಹೊಸ ಆವೃತ್ತಿಯೂ ಅದನ್ನು ಎಲ್ಲಿಂದಲೋ ತರಲಾರದು.

ವೇಗ ಕೆಡುವುದು ನಕಲಿನಿಂದ ನಕಲು ಮಾಡುವಾಗ. ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ. ಹಿಡಿಯುವ ದಾರಿ ಮುದ್ರಿಸುವಾಗಲೇ ಟೇಪಿನೊಳಗೆ ಸೇರಿಕೊಂಡ ಕರೆಂಟಿನ ಗುಂಯ್‌ಗುಡುವಿಕೆ. ಬ್ರಿಟನ್, ಜರ್ಮನಿ ಎರಡರಲ್ಲೂ ವಿದ್ಯುತ್ತು 50 ಹರ್ಟ್ಸ್. ಆಡಾಸಿಟಿ ತಂತ್ರಾಂಶದಲ್ಲಿ ಹಾಡು ಶುರುವಾಗುವ ಮುಂಚಿನ ಅಥವಾ ಎರಡು ಹಾಡಿನ ನಡುವಿನ ಕೆಲವು ಸೆಕೆಂಡು ಆರಿಸಿ, ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆದು, ಸೈಜನ್ನು 65536ಕ್ಕೆ ಇಡಿ. ಚಿಕ್ಕ ಸೈಜಿನಲ್ಲಿ 50 ಮತ್ತು 53 ಒಂದೇ ಗುಡ್ಡೆಯಾಗಿ ಕಾಣುತ್ತವೆ. ಗ್ರಾಫಿನ ಮೊನೆ 53ರಲ್ಲಿದ್ದರೆ 50ನ್ನು 53ರಿಂದ ಭಾಗಿಸಿ: 0.943. ಅಂದರೆ ವೇಗವನ್ನು ಶೇಕಡಾ 5.7ರಷ್ಟು ಇಳಿಸಬೇಕು. ಶ್ರುತಿ, ವೇಗ ಎರಡೂ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ. ‘ಚೇಂಜ್ ಟೆಂಪೊ’ ಬಳಸಿದರೆ ಶ್ರುತಿ ತಪ್ಪಾಗಿಯೇ ಉಳಿಯುತ್ತದೆ.

ಎರಡು ತೊಡಕುಗಳಿವೆ. ನಕಲು ಮಾಡಿದ ಯಂತ್ರವೂ ತನ್ನ ಗುಂಯ್ ಸೇರಿಸಿರುತ್ತದೆ, ಅಮೆರಿಕದಲ್ಲಾದರೆ ಅದು 60ರ ಸುತ್ತ. ಎರಡು ಮೊನೆ ಕಂಡರೆ ಐದೈದು ನಿಮಿಷಕ್ಕೊಮ್ಮೆ ಬೇರೆ ಬೇರೆ ಕಡೆ ಅಳೆದು, ಹಾಡಿನ ಶ್ರುತಿಯ ಜೊತೆಗೇ ಏರಿಳಿಯುವುದು ಯಾವುದೆಂದು ನೋಡಿ, ಅದೇ ಮೂಲದ್ದು. ಇನ್ನು ‘ಶುದ್ಧಗೊಳಿಸಿದ’ ಪ್ರತಿಗಳಲ್ಲಿ ಗುಂಯ್ ಅನ್ನೇ ಕತ್ತರಿಸಿ ಎಸೆದಿರುತ್ತಾರೆ. ಆಗ ಉಳಿಯುವುದು ಗಿಟಾರಿನ ಶ್ರುತಿ. ಕ್ಲಬ್ಬಿನಲ್ಲಿ ಅವರು ತಂತಿಗಳನ್ನು ಒಂದಕ್ಕೊಂದು ಹೊಂದಿಸಿಕೊಂಡಿರಬಹುದೇ ಹೊರತು ನಿಗದಿತ ಶ್ರುತಿಯ ಟ್ಯೂನಿಂಗ್ ಫೋರ್ಕಿಗೇ ಅಂತಲ್ಲ. ಅದನ್ನು ಅಂದಾಜಿಗಷ್ಟೇ ಇಟ್ಟುಕೊಳ್ಳಿ.

ಪ್ರಶ್ನೆ: ಹಳೇ ಟ್ರಂಕಿನಲ್ಲಿ ಡಂಡಂನಲ್ಲಿ ತಯಾರಾದ, ಪಾರ್ಲೊಫೋನ್ ಲೇಬಲಿನ 78 ಆರ್‌ಪಿಎಂ ಬೀಟಲ್ಸ್ ಪ್ಲೇಟು ಸಿಕ್ಕಿದೆ. ಹೆಸರು ಬರುವ ಮುಂಚಿನದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಲ್ಲ. ಆದರೂ ಅಪರೂಪದ್ದೇ. ಇಂಗ್ಲೆಂಡಿನಲ್ಲಿ ಬೀಟಲ್ಸ್ ಹಾಡು ಬಂದದ್ದು 45ರ ವೇಗದ ತಟ್ಟೆಯಲ್ಲಿ. ನಮ್ಮಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇನ್ನೂ ಬಳಕೆಯಲ್ಲಿದ್ದ ಕಾರಣ, ಕಲ್ಕತ್ತದ ಬಳಿಯ ಡಂಡಂ ಕಾರ್ಖಾನೆ 1960ರ ದಶಕದಲ್ಲೂ 78ರಲ್ಲಿ ಅಚ್ಚು ಹಾಕಿತು. ಹೊರದೇಶದ ಸಂಗ್ರಾಹಕರು ಹುಡುಕುವುದು ಇದನ್ನೇ.

ಅದಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ, ಪ್ಲೇಟು ಮಾಡಿದ ಅರಗು ಕರಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಹಾಕಿ, ಮೆತ್ತನೆ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ತಿಕ್ಕಿ, ಬರೀ ನೀರಿನಲ್ಲಿ ಜಾಲಿಸಿ ತಕ್ಷಣ ಒರೆಸಿ. ಲೇಬಲ್ ಒದ್ದೆಯಾಗಬಾರದು. ಕೀಲಿ ಗ್ರಾಮಫೋನಿನ ಉಕ್ಕಿನ ಮುಳ್ಳು ಬೇಡ. ಎಲ್‌ಪಿ ಮುಳ್ಳೂ ಬೇಡ: ಅದರ ತುದಿ ಸುಮಾರು 18–25 ಮೈಕ್ರಾನ್, 78ರ ಗೆರೆಗೆ 75ರ ಆಸುಪಾಸು ಬೇಕು. ಸಣ್ಣ ತುದಿ ಗೆರೆಯ ತಳಕ್ಕೆ ಬಿದ್ದು ಅಲ್ಲಿನ ಕೊಳೆಯನ್ನೇ ಹಾಡಿಸುತ್ತದೆ.

ಪ್ರಶ್ನೆ: ‘ಟೋನಿ ಶೆರಿಡನ್ ಮತ್ತು ಬೀಟಲ್ಸ್’ ಹೆಸರಿನ ಎಲ್‌ಪಿ ಕೊಳ್ಳಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹಿಂಬದಿಯ ಪಟ್ಟಿ ಓದಿ ಕೊಳ್ಳಿ. ಹ್ಯಾಂಬರ್ಗ್‌ನಲ್ಲಿ 1961–62ರಲ್ಲಿ ಗಾಯಕ ಶೆರಿಡನ್ ಜೊತೆಗಿನ ಮುದ್ರಣಗಳಲ್ಲಿ ಬೀಟಲ್ಸ್ ನುಡಿಸಿ ಬಿಡುಗಡೆಯಾದದ್ದು ಎಂಟು ಮಾತ್ರ: ‘ಮೈ ಬಾನೀ’, ‘ದ ಸೇಂಟ್ಸ್’, ‘ವೈ’, ‘ನೋಬಡೀಸ್ ಚೈಲ್ಡ್’, ‘ಟೇಕ್ ಔಟ್ ಸಮ್ ಇನ್ಶೂರೆನ್ಸ್’, ‘ಸ್ವೀಟ್ ಜಾರ್ಜಿಯಾ ಬ್ರೌನ್’, ಲೆನನ್ ಹಾಡಿದ ‘ಏಂಟ್ ಶಿ ಸ್ವೀಟ್’, ಬರೀ ವಾದ್ಯದ ‘ಕ್ರೈ ಫಾರ್ ಎ ಶ್ಯಾಡೊ’. ಜರ್ಮನಿಯಲ್ಲಿ ‘ಮೈ ಬಾನೀ’ ಮೊದಲು ಬಂದಾಗ ಲೇಬಲಿನಲ್ಲಿ ಇದ್ದದ್ದು ‘ಬೀಟ್ ಬ್ರದರ್ಸ್’. ಅದೇ ಹೆಸರನ್ನು ಶೆರಿಡನ್‌ನ ಬೇರೆ ಹಿನ್ನೆಲೆ ತಂಡಗಳಿಗೂ ಹಾಕಿದರು. ತಟ್ಟೆಯಲ್ಲಿ ಹನ್ನೆರಡು ಹಾಡುಗಳಿದ್ದರೆ ಕನಿಷ್ಠ ನಾಲ್ಕಕ್ಕೆ ಬೀಟಲ್ಸ್ ಸಂಬಂಧವೇ ಇಲ್ಲ. ಬೆಲೆ ಕೇಳುವಾಗ ಅದನ್ನು ಕಳೆದು ಕೇಳಿ.