ಗಂಡಸಿಗೆ ಕಲಂ ಇಲ್ಲವೆಂದು ದೂರು ನಿರಾಕರಿಸಿದರೆ
ಹಾಸ್ಟೆಲಿನಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದ ನಿಮ್ಮ ತಮ್ಮನನ್ನು ಠಾಣೆಯವರು ವಾಪಸು ಕಳುಹಿಸಲು ಕಾರಣ ಬಹುಶಃ ಇದು: ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಅತ್ಯಾಚಾರಕ್ಕೊಳಗಾಗುವವಳು ಹೆಣ್ಣು ಮಾತ್ರ, ಗಂಡಿನ ಮೇಲಿನ ಬಲಾತ್ಕಾರಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮನ್ನು ಹೊಸದರಲ್ಲಿ ಕೈಬಿಡಲಾಗಿದೆ. ಗಂಡಿನ ನೋವು ಕಾನೂನು ಬರೆದವರ ಕಣ್ಣಿಗೆ ಬೀಳಲಿಲ್ಲ, ಇರಲಿ. ಘಟನೆ ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದಾದರೆ 377 ಈಗಲೂ ಅನ್ವಯಿಸುತ್ತದೆ. ಘಟನೆಯ ವೇಳೆ ಅವನಿಗೆ ಹದಿನೆಂಟು ತುಂಬಿರದಿದ್ದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಅದರಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ.

ಎರಡೂ ಅಲ್ಲವೆಂದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಆ ದಿನದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ. ಅವನನ್ನು ಒಳಗೆ ಕೂಡಿ ಕೋಣೆಗೆ ಚಿಲಕ ಹಾಕಿದ್ದರೆ ಅದನ್ನು ದೂರಿನಲ್ಲಿ ಬರೆಯಲೇಬೇಕು: ಸಾಮಾನ್ಯ ಗಾಯಕ್ಕೆ (115) ನೇರವಾಗಿ ಎಫ್‌ಐಆರ್ ಆಗುವುದಿಲ್ಲ, ಅಕ್ರಮವಾಗಿ ಕೂಡಿಹಾಕಿದ್ದಕ್ಕೆ (127) ಆಗುತ್ತದೆ. ಉಳಿದ ಕಲಂಗಳು ವೈದ್ಯರ ವರದಿಯನ್ನು ಅವಲಂಬಿಸಿವೆ. ಮತ್ತೆ ನಿರಾಕರಿಸಿದರೆ ದೂರನ್ನು ಎಸ್ಪಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ.